ಒಲೆಯಿಂದ ಇಳಿಸಿದ ಮೇಲೆ ಏನಾಗುತ್ತದೆ?

ರುಚಿಯ ಹುಚ್ಚು ಹತ್ತಿದವರಿಗೆ ಅಡುಗೆ ಮಾಡಿ ಬಡಿಸುವುದು ಮನೆಯವರಿಗೆ ಬಡಿಸಿದಷ್ಟು ಸಲೀಸಲ್ಲ. ಮನೆಯಲ್ಲಿ ಒಲೆಯಿಂದ ಇಳಿಸಿದ್ದು ನೇರ ತಟ್ಟೆಗೆ ಬೀಳುತ್ತದೆ, ತಿನ್ನುವವರು ಹಸಿದಿರುತ್ತಾರೆ, ಉಪ್ಪು ಚೂರು ಹೆಚ್ಚುಕಮ್ಮಿಯಾದರೂ ನಡೆದುಹೋಗುತ್ತದೆ. ನಮ್ಮ ಗುಂಪಿನಲ್ಲಿ ಹಾಗೆ ನಡೆಯುವುದಿಲ್ಲ. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಬರುವವರೆಲ್ಲ ತಮ್ಮ ಕೈಯಾರೆ ಮಾಡಿದ ಒಂದು ಪದಾರ್ಥ ತರಬೇಕು. ಅದು ದಿನಾ ಮಾಡುವಂಥದ್ದಾಗಿರಬಾರದು, ಬೆಣ್ಣೆ, ಕೆನೆ, ಚಾಕೊಲೇಟು ಹಾಕುವಾಗ ಕೈ ಬಿಗಿ ಹಿಡಿಯಬಾರದು. ಇನ್ನೊಂದು ಕಟ್ಟುಪಾಡು ಇದೆ, ಅದೇ ಎಲ್ಲಕ್ಕಿಂತ ಬಿಗಿ. ತಿಂದವರು 'ತುಂಬಾ ಚೆನ್ನಾಗಿದೆ' ಎಂದು ಹೇಳಿ ಜಾರಿಕೊಳ್ಳುವಂತಿಲ್ಲ. ಏನು ಚೆನ್ನಾಗಿದೆ, ಏನು ಹಿಡಿಸಲಿಲ್ಲ ಎಂದು ಬಿಡಿಸಿ ಹೇಳಬೇಕು.

ಹೊಸತಾಗಿ ಸೇರಿದಾಗ ಈ ಕಟ್ಟುಪಾಡೇ ದೊಡ್ಡದು ಅಂದುಕೊಂಡಿದ್ದೆ. ನಾಲ್ಕು ಜನರೆದುರು ನಮ್ಮ ಅಡುಗೆಯ ಹುಳುಕು ಎತ್ತಿ ಆಡಿದರೆ ಮುಖ ಕೆಂಪಾಗದೆ ಇರುತ್ತದೆಯೇ? ಆದರೆ ಹೋಗುತ್ತಾ ಹೋಗುತ್ತಾ ಗೊತ್ತಾಯಿತು, ಇಲ್ಲಿ ನಿಜವಾಗಿ ಎದುರಿಸಬೇಕಾದದ್ದು ನಾಲಿಗೆಗಳನ್ನಲ್ಲ, ಹೊತ್ತನ್ನು. ಒಲೆ ಆರಿಸಿದ್ದಕ್ಕೂ ಮೊದಲ ತುತ್ತು ಬಾಯಿಗೆ ಹೋಗುವುದಕ್ಕೂ ನಡುವೆ ಒಂದು ಗಂಟೆಯೋ ಎರಡು ಗಂಟೆಯೋ ಇರುತ್ತದೆ. ಅಷ್ಟರಲ್ಲಿ ಗರಿಗರಿ ಇದ್ದದ್ದು ಮೆತ್ತಗಾಗುತ್ತದೆ, ತೆಳುವಾಗಿದ್ದದ್ದು ಗಟ್ಟಿಯಾಗುತ್ತದೆ, ಬಿಸಿಯಲ್ಲಿ ಸರಿಯಿದ್ದ ಸಿಹಿ ಆರಿದ ಮೇಲೆ ಕಡಿಮೆ ಅನ್ನಿಸುತ್ತದೆ. ಹಂಚಿ ತಿನ್ನಲು ಮಾಡುವ ಅಡುಗೆಯ ಅರ್ಧ ಕೆಲಸ ಒಲೆಯಿಂದ ಇಳಿಸಿದ ಮೇಲೆಯೇ ನಡೆಯುವುದು, ನಾವು ಕೈ ತೊಳೆದುಕೊಂಡು ಕೂತಿದ್ದರೂ.

ಗುಂಪಿನಲ್ಲೊಬ್ಬ ಹುಡುಗ ಇದ್ದಾನೆ, ಕರಿಯುವುದರಲ್ಲಿ ಎತ್ತಿದ ಕೈ. ಅವನ ಅಡುಗೆಮನೆಯಲ್ಲೇ ನಿಂತು ತಿಂದವರಿಗೆ ಮಾತ್ರ ಅವನ ಕೈರುಚಿ ಗೊತ್ತು. ಡಬ್ಬಿಗೆ ತುಂಬಿ ತಂದರೆ ಅದೇ ಪದಾರ್ಥ ತೊಯ್ದ ರಟ್ಟು. ಬಿಸಿ ಇರುವಾಗ ಮುಚ್ಚಳ ಹಾಕಿದರೆ ಒಳಗಿನ ಹಬೆ ಹೊರಗೆ ಹೋಗಲು ದಾರಿಯಿಲ್ಲದೆ ಮುಚ್ಚಳಕ್ಕೆ ಬಡಿದು, ನೀರಾಗಿ, ಮತ್ತೆ ಅದರ ಮೇಲೇ ತೊಟ್ಟಿಕ್ಕುತ್ತದೆ. ತಂತಿಜಾಲರಿಯ ಮೇಲೆ ಹರಡಿ ಪೂರ್ತಿ ಆರಿಸಿ, ಮುಚ್ಚಳ ಬಿಗಿ ಮಾಡದೆ ತಂದು, ಇಲ್ಲಿ ಓವನ್ನಿನಲ್ಲಿ ಐದು ನಿಮಿಷ ಇಡು ಅಂದರೆ ಕೇಳುವುದಿಲ್ಲ. "ಎರಡನೇ ಸಲ ಬಿಸಿ ಮಾಡಿದ್ದು ನನ್ನ ಅಡುಗೆಯೇ ಅಲ್ಲ" ಅನ್ನುತ್ತಾನೆ. ಈಗ ಅವನ ಸರದಿ ಬಂದರೆ ಬಾಣಲೆ ಸಮೇತ ಬರುತ್ತಾನೆ, ಆ ಮನೆಯವರ ಒಲೆ ಅವನದು. ಹಟಮಾರಿಗಳಿಗೆ ಇದೂ ಒಂದು ಉಪಾಯವೇ ಬಿಡಿ.

ನನಗೆ ಆ ಹಟ ಇಲ್ಲ. ನಾನು ಹುಡುಕುವುದು ಹೊತ್ತು ಕಳೆದರೂ ಕೆಡದೆ ಕಾಯುವ ಅಡುಗೆ. ಸಾಧ್ಯವಾದರೆ ಹೊತ್ತು ಕಳೆದಷ್ಟೂ ರುಚಿ ಕೂಡುವ ಅಡುಗೆ. ಕಳೆದ ಬಾರಿ ಖಾರದ್ದೊಂದು ಸಿಹಿಯದೊಂದು ಎರಡೂ ನಾನೇ ತರುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಆಸೆಬುರುಕಿ ಅಂತ ಬೈದುಕೊಳ್ಳುತ್ತಲೇ ಮನಸ್ಸಿನಲ್ಲಿ ಲೆಕ್ಕ ಶುರುಮಾಡಿದೆ. ಓವನ್ನಿನಲ್ಲಿ ಉಬ್ಬಿಸುವ ಸೂಫ್ಲೆ ಬೇಡ. ಮೊಟ್ಟೆಯ ನೊರೆಯೊಳಗಿನ ಗಾಳಿ ಶಾಖಕ್ಕೆ ಹಿಗ್ಗಿ ಅದನ್ನು ಮೇಲೆತ್ತಿರುತ್ತದೆ, ಓವನ್ನಿನ ಬಾಗಿಲು ತೆರೆದು ಮೇಜಿಗೆ ತರುವಷ್ಟರಲ್ಲಿ ಆ ಗಾಳಿ ಕುಗ್ಗಿ ಎಲ್ಲ ಕುಸಿಯುತ್ತದೆ. ಕೆನೆ ಸಾಸಿನ ಪಾಸ್ತಾನೂ ಬೇಡ, ದಾರಿಯಲ್ಲೇ ಪಾಸ್ತಾ ಸಾಸನ್ನೆಲ್ಲ ಹೀರಿಕೊಂಡು ಮುದ್ದೆಯಾಗುತ್ತದೆ. ಕೊನೆಗೆ ಉಳಿದದ್ದು ಈರುಳ್ಳಿ-ಅಣಬೆಯ ಟಾರ್ಟು (ಬೆಣ್ಣೆ ಬೆರೆಸಿದ ಹಿಟ್ಟಿನ ತಳದೊಳಗೆ ಹೂರಣ ತುಂಬಿ ಬೇಯಿಸುವಂಥದ್ದು), ಮತ್ತೆ ಸಣ್ಣ ಲೋಟಗಳಲ್ಲಿ ಚಾಕೊಲೇಟ್ ಕಸ್ಟರ್ಡು, ಅದರ ಮೇಲೆ ಉಪ್ಪು ಹಾಕಿದ ಕ್ಯಾರಮೆಲ್.

ಕಸ್ಟರ್ಡಿನ ಯೋಚನೆ ಮಾತ್ರ ಮೊದಲ ದಿನವೇ ಬಿದ್ದುಹೋಯಿತು. ಯಾರಿಗೆ ಏನು ಆಗಿಬರುವುದಿಲ್ಲ ಎಂದು ಮೊದಲೇ ಕೇಳುವುದು ನಮ್ಮಲ್ಲಿ ಕಡ್ಡಾಯ. ಒಬ್ಬರಿಗೆ ಕಡಲೆಕಾಯಿಯ ಅಲರ್ಜಿ ಇದೆ, ಅದು ಇಷ್ಟ-ಕಷ್ಟದ ಮಾತಲ್ಲ, ಪ್ರಾಣದ ಮಾತು. ಅವರು ಬರುವ ದಿನ ಕಡಲೆಕಾಯಿ ಮುಟ್ಟಿದ ಚಮಚವನ್ನೂ ನಾವು ಒಯ್ಯುವುದಿಲ್ಲ. ಚಾಕೊಲೇಟಿನ ಹೊದಿಕೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದದ್ದನ್ನೂ ಓದಿಯೇ ಕೊಳ್ಳುತ್ತೇನೆ, ಅದೇ ಯಂತ್ರದಲ್ಲಿ ಕಡಲೆಕಾಯಿಯ ಸಾಮಾನೂ ತಯಾರಾಗುತ್ತಿದ್ದರೆ ಅಲ್ಲಿ ಹೇಳಿರುವುದುಂಟು. ಇನ್ನಿಬ್ಬರು ಮೊಟ್ಟೆ ತಿನ್ನುವುದಿಲ್ಲ. ಮೊಟ್ಟೆಯಿಲ್ಲದ ಕಸ್ಟರ್ಡಿಗೆ ಕಾರ್ನ್‌ಫ್ಲೋರ್ ಹಾಕಬಹುದು, ಆದರೆ ನನಗೆ ಆ ಹಿಟ್ಟಿನ ನುಣುಪು ಎಂದೂ ಹಿಡಿಸಿದ್ದಿಲ್ಲ. ಹಾಗಾಗಿ ಗನಾಶ್ ಕಡೆ ತಿರುಗಿದೆ. ಬಿಸಿ ಕೆನೆ, ಚಾಕೊಲೇಟು, ಅಷ್ಟೇ. ಮೊಟ್ಟೆಯೂ ಇಲ್ಲ, ಹಿಟ್ಟೂ ಇಲ್ಲ. ಈಗ ಯೋಚಿಸಿದರೆ ಕಸ್ಟರ್ಡಿಗಿಂತ ಇದೇ ಸರಿಯಾಯಿತು ಅನ್ನಿಸುತ್ತದೆ.

ಟಾರ್ಟಿನ ಕೆಲಸ ಹಿಂದಿನ ದಿನವೇ ಶುರು. ಒಂದೂವರೆ ಕಿಲೋ ಈರುಳ್ಳಿ. ಹೆಚ್ಚುವಾಗ ಕಣ್ಣಲ್ಲಿ ನೀರು ಹರಿಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಹೆಚ್ಚಿದರೆ ಉರಿ ಸ್ವಲ್ಪ ಕಡಿಮೆ, ಚಾಕು ಹರಿತವಾಗಿದ್ದರೆ ಇನ್ನೂ ಕಡಿಮೆ. ಉದ್ದಕ್ಕೆ ತೆಳ್ಳಗೆ ಹೆಚ್ಚಿ, ಅಗಲವಾದ ದಪ್ಪ ತಳದ ಬಾಣಲೆಗೆ ಬೆಣ್ಣೆ ಹಾಕಿ, ಚಿಟಿಕೆ ಉಪ್ಪಿನೊಂದಿಗೆ ಸಣ್ಣ ಉರಿಯಲ್ಲಿಟ್ಟೆ.

ಈ ಈರುಳ್ಳಿಯ ವಿಷಯದಲ್ಲಿ ಅಡುಗೆಯ ಪಾಕವಿಧಾನ ಬರೆಯುವವರ ಮೇಲೆ ನನಗೆ ಹಳೇ ಸಿಟ್ಟಿದೆ. 'ಹತ್ತು ನಿಮಿಷ ಕಂದುಬಣ್ಣ ಬರುವ ತನಕ ಬಾಡಿಸಿ' ಎಂದು ಬರೆದುಬಿಡುತ್ತಾರೆ. ಹತ್ತು ನಿಮಿಷಕ್ಕೆ ಈರುಳ್ಳಿ ಬಾಡುತ್ತದೆ, ಅಷ್ಟೇ. ಈರುಳ್ಳಿಯ ತೂಕದಲ್ಲಿ ನೂರಕ್ಕೆ ಸುಮಾರು 89 ಭಾಗ ನೀರು. ಆ ನೀರು ಇರುವ ತನಕ ಈರುಳ್ಳಿಯ ಕಾವು ನೀರು ಕುದಿಯುವ 100 ಡಿಗ್ರಿ ದಾಟಿ ಏರುವುದಿಲ್ಲ. ಕೆಂಪಗಾಗುವ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿಯ ನಂತರ. ಸಕ್ಕರೆಯ ಅಂಶವೂ ಪ್ರೋಟೀನಿನ ಅಂಶವೂ ಶಾಖದಲ್ಲಿ ಬೆರೆತು ಬಣ್ಣ, ಪರಿಮಳ, ಹೊಸ ಹೊಸ ರುಚಿಗಳನ್ನು ಹುಟ್ಟಿಸುವ ಆ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ. ಬ್ರೆಡ್ಡಿನ ಹೊರಪದರಕ್ಕೂ ಹುರಿದ ಕಾಫಿಬೀಜಕ್ಕೂ ನನ್ನ ಈರುಳ್ಳಿಗೂ ಅದೇ ಕ್ರಿಯೆ ಬೇಕು. ಅಂದಮೇಲೆ ಮೊದಲು ನೀರು ಹೋಗಬೇಕು, ಆಮೇಲೇ ಬಣ್ಣ. ಅವಸರಕ್ಕೆ ಉರಿ ದೊಡ್ಡದು ಮಾಡಿದರೆ ಅಂಚು ಸೀದು, ನಡು ಹಸಿ ಉಳಿಯುತ್ತದೆ.

ಮುಕ್ಕಾಲು ಗಂಟೆ ಹೊತ್ತಿಗೆ ಬಾಣಲೆಯ ಸದ್ದು ಬದಲಾಯಿತು. ಅಲ್ಲಿಯ ತನಕ ಗುಳುಗುಳು ಅನ್ನುತ್ತಿದ್ದದ್ದು ಸಣ್ಣಗೆ ಚಟಪಟ ಅನ್ನತೊಡಗಿತು. ಎಳೆಗಳು ಪಾರದರ್ಶಕವಾಗಿದ್ದವು, ಈಗ ಜೇನಿನ ಬಣ್ಣ. ತಳದಲ್ಲಿ ಕಂದು ಪೊರೆಯೊಂದು ಅಂಟಿಕೊಳ್ಳಲು ಶುರುವಾಯಿತು. ಅದನ್ನು ಹೆರೆದು ಬಿಡಿಸುವುದಲ್ಲ, ಎರಡು ಚಮಚ ನೀರು ಹಾಕಿ ಮರದ ಸೌಟಿನಿಂದ ತಿಕ್ಕಿದರೆ ತಾನಾಗಿ ಕರಗಿ ಈರುಳ್ಳಿಗೆ ಹತ್ತುತ್ತದೆ. ಪೊರೆ ಮತ್ತೆ ಕಟ್ಟುತ್ತದೆ, ಮತ್ತೆ ನೀರು. ಈ ಆಟ ಆಡಿದಷ್ಟೂ ಬಣ್ಣ ಗಾಢ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಕೆಂಪಾಗುತ್ತದೆ ನಿಜ, ಕ್ಷಾರ ಹೆಚ್ಚಾದರೆ ಮಯಾರ್ ಕ್ರಿಯೆ ಚುರುಕಾಗುತ್ತದೆ. ಆದರೆ ಎಳೆ ಉಳಿಯುವುದಿಲ್ಲ, ಎಲ್ಲ ಕರಗಿ ಲೇಹ್ಯವಾಗುತ್ತದೆ. ಟಾರ್ಟಿಗೆ ನನಗೆ ಎಳೆ ಬೇಕಿತ್ತು. ಇಳಿಸುವ ಹೊತ್ತಿಗೆ ರಾಶಿ ಈರುಳ್ಳಿ ಒಂದು ಸಣ್ಣ ಬಟ್ಟಲಿನಷ್ಟಾಗಿತ್ತು. ಮನೆಗೆ ಬಂದಿದ್ದ ಅತ್ತಿಗೆ ಇಣುಕಿ ನೋಡಿ, "ಅಷ್ಟೆಲ್ಲ ಹೆಚ್ಚಿ ಇಷ್ಟೇನಾ?" ಅಂದರು. ಬೆರಳಲ್ಲಿ ಚೂರು ತೆಗೆದು ಬಾಯಿಗೆ ಹಾಕಿಕೊಂಡ ಮೇಲೆ ಮತ್ತೇನೂ ಅನ್ನಲಿಲ್ಲ, ಇನ್ನೊಂದು ಚೂರಿಗೆ ಕೈ ಹಾಕಿದರು.

ಅಣಬೆಯಲ್ಲಂತೂ ನೀರು ಈರುಳ್ಳಿಗಿಂತ ಹೆಚ್ಚು. ಅದಕ್ಕೆ ನಾನು ಅನುಸರಿಸುವ ದಾರಿ ಉಲ್ಟಾ: ದೊಡ್ಡ ಉರಿ, ಒಂದು ಸಲಕ್ಕೆ ಸ್ವಲ್ಪ, ಒಂದರ ಮೇಲೊಂದು ಬೀಳಬಾರದು. ಬಾಣಲೆ ತುಂಬ ಸುರಿದರೆ ಅಣಬೆ ತನ್ನ ನೀರಲ್ಲೇ ಬೆಂದು ಬೂದಿಬಣ್ಣಕ್ಕೆ ತಿರುಗುತ್ತದೆ. ಜೊತೆಗೆ ಬಿಸಿನೀರಲ್ಲಿ ನೆನೆಸಿದ ಒಣ ಅಣಬೆ ಒಂದು ಹಿಡಿ, ನೆನೆಸಿದ ನೀರೂ ಸೋಸಿ ಒಳಗೆ. ಮಾಂಸದ ಸಾರಿನಲ್ಲಿ ಸಿಗುವ ಆ ತುಂಬಿದ ರುಚಿಗೆ ಉಮಾಮಿ ಎಂದು ಹೆಸರಿಟ್ಟವನು ಜಪಾನಿನ ಕಿಕುನಾಯೆ ಇಕೆಡಾ. ಅವನು 1908ರಲ್ಲಿ ಕಡಲಪಾಚಿಯ ಸಾರಿನಿಂದ ಆ ರುಚಿ ಕೊಡುವ ಗ್ಲುಟಮೇಟ್ ಎಂಬ ಅಂಶವನ್ನು ಬೇರ್ಪಡಿಸಿ ತೋರಿಸಿದ. ಒಣ ಅಣಬೆಯಲ್ಲಿ ಇರುವ ಗ್ವಾನಿಲೇಟ್ ಎಂಬ ಅಂಶ ಗ್ಲುಟಮೇಟ್ ಜೊತೆ ಸೇರಿದರೆ ಎರಡರ ರುಚಿಯೂ ಒಟ್ಟು ಸೇರಿದ್ದಕ್ಕಿಂತ ಹೆಚ್ಚಾಗುತ್ತದೆ. ಅದಕ್ಕೇ ಮೇಲೆ ಉದುರಿಸಲು ಹಳೆಯ ಗಟ್ಟಿ ಚೀಸು ಇಟ್ಟುಕೊಂಡಿದ್ದೆ, ಗ್ಲುಟಮೇಟ್ ಅದರಲ್ಲಿ ಧಾರಾಳ.

ಹಿಟ್ಟಿನ ಕೆಲಸ ಮಾತ್ರ ಬೆಳಗಿನ ಜಾವಕ್ಕೆ, ಅಡುಗೆಮನೆ ಇನ್ನೂ ತಣ್ಣಗಿರುವಾಗ. ಬೆಣ್ಣೆಯಲ್ಲಿ ಸುಮಾರು 80 ಭಾಗ ಕೊಬ್ಬು, 16 ಭಾಗದ ತನಕ ನೀರು. ಬೆಣ್ಣೆ ಕರಗದೆ ತುಣುಕಾಗಿಯೇ ಹಿಟ್ಟಿನಲ್ಲಿ ಉಳಿದರೆ ಓವನ್ನಿನಲ್ಲಿ ಆ ನೀರು ಹಬೆಯಾಗಿ ಹಿಟ್ಟನ್ನು ಪದರಪದರವಾಗಿ ಎತ್ತುತ್ತದೆ. ಕೈಯ ಬಿಸಿಗೆ ಕರಗಿ ಹಿಟ್ಟಿನೊಳಗೆ ಸೇರಿಹೋದರೆ ಪದರ ಇಲ್ಲ, ಬರೀ ಪುಡಿಪುಡಿ ಬಿಸ್ಕತ್ತು. ಬೆಣ್ಣೆಯನ್ನು ಗಟ್ಟಿಗೆ ತಣಿಸಿ ತುರಿಮಣೆಯಲ್ಲಿ ತುರಿದು ಹಿಟ್ಟಿಗೆ ಬೆರೆಸುವುದು ನನ್ನ ರೂಢಿ. ನಾದಬಾರದು, ಒತ್ತಿ ಕೂಡಿಸಬೇಕು ಅಷ್ಟೇ. ನಾದಿದರೆ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಎಂಬ ಪ್ರೋಟೀನು ಬಿಗಿದುಕೊಂಡು ತಟ್ಟೆಯಲ್ಲಿ ಹಿಟ್ಟು ಕುಗ್ಗುತ್ತದೆ. ಗಂಟೆ ಹೊತ್ತು ಫ್ರಿಜ್ಜಿನಲ್ಲಿ ಮಲಗಿಸಿದ ಮೇಲೆ ಲಟ್ಟಿಸಿ, ಟಾರ್ಟಿನ ತಟ್ಟೆಗೆ ಹರಡಿ, ಮೇಲೆ ಕಾಗದ ಹಾಕಿ, ಒಣ ಅಕ್ಕಿಯ ಭಾರ ಇಟ್ಟು, ಒಳಗಿನ ಹೂರಣ ಹಾಕುವ ಮೊದಲೇ ಅರ್ಧ ಬೇಯಿಸಿದೆ. ಇಲ್ಲಿ ಕಾಯುವ ಹೊತ್ತಿನ ಲೆಕ್ಕ ಬರುತ್ತದೆ. ಮನೆಯಲ್ಲೇ ತಿನ್ನುವುದಾದರೆ ಇಷ್ಟು ಸಾಕು. ಎರಡು ಗಂಟೆ ಬಿಟ್ಟು ತಿನ್ನುವುದಾದರೆ ಹೂರಣದ ಪಸೆ ತಳಕ್ಕೆ ಇಳಿಯದಂತೆ ತಡೆಯಬೇಕು. ಅದಕ್ಕೆ ಬೆಂದ ತಳದ ಮೇಲೆ ತುರಿದ ಚೀಸು ತೆಳ್ಳಗೆ ಉದುರಿಸಿ ಎರಡು ನಿಮಿಷ ಮತ್ತೆ ಓವನ್ನಿಗಿಟ್ಟೆ. ಕರಗಿದ ಚೀಸು ಪೊರೆಯಂತೆ ಕೂತುಬಿಡುತ್ತದೆ. ಟಾರ್ಟು ಪೂರ್ತಿ ಬೆಂದ ಮೇಲೂ ತಟ್ಟೆಯಿಂದ ಬಿಡಿಸಿ ಜಾಲರಿಯ ಮೇಲೆ ಆರಿಸಿದೆ, ತಳಕ್ಕೂ ಗಾಳಿ ಆಡಲಿ ಎಂದು.

ಕ್ಯಾರಮೆಲ್ ಮಾಡುವಾಗ ನಾನು ಮನೆಯಲ್ಲಿ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಮಾತೂ ಆಡುವುದಿಲ್ಲ. ಸಕ್ಕರೆ 170 ಡಿಗ್ರಿ ಆಸುಪಾಸು ಹೋದಾಗ ಚರ್ಮದ ಮೇಲೆ ಒಂದು ಹನಿ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಒಣ ಬಾಣಲೆಗೆ ಸಕ್ಕರೆ ಸ್ವಲ್ಪ ಸ್ವಲ್ಪವೇ ಹಾಕಿ ಕರಗಿಸುತ್ತಾ ಹೋದೆ. ಒಣಹುಲ್ಲಿನ ಬಣ್ಣ, ಆಮೇಲೆ ಜೇನು, ಆಮೇಲೆ ತಾಮ್ರ. ತಾಮ್ರದಿಂದ ಕಪ್ಪಿಗೆ ಹೋಗಲು ಅರ್ಧ ನಿಮಿಷವೂ ಬೇಡ. ಬಣ್ಣ ನೋಡುವುದಕ್ಕಿಂತ ಮೂಗನ್ನು ನಂಬುವುದೇ ವಾಸಿ. ಸಿಹಿ ವಾಸನೆಯ ಅಂಚಿನಲ್ಲಿ ಸುಟ್ಟ ವಾಸನೆಯ ಎಳೆಯೊಂದು ಸುಳಿಯುತ್ತದೆ, ಅದೇ ಹೊತ್ತಿಗೆ ಬೆಚ್ಚಗಿನ ಕೆನೆ ಸುರಿಯಬೇಕು. ತಣ್ಣನೆ ಕೆನೆ ಸುರಿದರೆ ಸಕ್ಕರೆ ಗಟ್ಟಿ ಗಡ್ಡೆಯಾಗುತ್ತದೆ, ಕೆನೆಯೂ ಸಿಡಿಯುತ್ತದೆ. ಬೆಚ್ಚಗಿದ್ದರೂ ಭುಸ್ಸೆಂದು ಉಕ್ಕಿಯೇ ಉಕ್ಕುತ್ತದೆ, ಪಾತ್ರೆ ದೊಡ್ಡದಿರಲಿ. ಕೊನೆಗೆ ಬೆಣ್ಣೆ, ಉಪ್ಪು. ಉಪ್ಪು ಇಲ್ಲಿ ಉಪ್ಪಿಗಾಗಿ ಮಾತ್ರ ಅಲ್ಲ, ಅದು ಕಹಿಯನ್ನು ತಗ್ಗಿಸುತ್ತದೆ, ಕಹಿ ತಗ್ಗಿದಾಗ ಸಿಹಿ ಮುಂದೆ ಬರುತ್ತದೆ. ಹಾಗಾಗಿ ಕ್ಯಾರಮೆಲ್ಲನ್ನು ಇನ್ನೂ ಗಾಢವಾಗುವ ತನಕ ಬಿಡುವ ಧೈರ್ಯ ಮಾಡಬಹುದು.

ಗನಾಶ್ ಸುಲಭ ಅನ್ನಿಸುತ್ತದೆ. ಸಣ್ಣಗೆ ಕೊಚ್ಚಿದ 70 ಶೇಕಡ ಕೋಕೋ ಇರುವ ಚಾಕೊಲೇಟು, ಅದರ ಮೇಲೆ ಕುದಿ ಬರುವಷ್ಟರಲ್ಲಿ ಇಳಿಸಿದ ಕೆನೆ, ಎರಡು ನಿಮಿಷ ಮುಟ್ಟದೆ ಬಿಟ್ಟು, ನಡುವಿನಿಂದ ಹೊರಕ್ಕೆ ನಿಧಾನ ಕಲಕುವುದು. ಕೋಕೋ ಹೆಚ್ಚಿರುವ ಚಾಕೊಲೇಟಿನಲ್ಲಿ ಕೊಬ್ಬೂ ಹೆಚ್ಚು, ಅದಕ್ಕೆ ನೀರಿನ ಅಂಶ ಸಾಲದಿದ್ದರೆ ಎಣ್ಣೆ ಬಿಟ್ಟುಕೊಂಡು ಒಡೆಯುತ್ತದೆ. ಒಡೆದರೆ ಚೆಲ್ಲಬೇಡಿ. ಒಂದೊಂದೇ ಚಮಚ ಬಿಸಿಹಾಲು ಹಾಕಿ ಕಲಕಿದರೆ ಮತ್ತೆ ಕೂಡಿ ಹೊಳಪಿಗೆ ಬರುತ್ತದೆ. ನಮ್ಮಲ್ಲಿ ಅದೆಷ್ಟೋ ಜನ ಇಂಥ ಗನಾಶನ್ನು ಚೆಲ್ಲಿದ್ದಾರೆಂದು ಆಮೇಲೆ ಗೊತ್ತಾಗಿ ಹೊಟ್ಟೆ ಉರಿಯಿತು.

ಸಿಹಿಯ ಅಳತೆಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಕಾಯಿತು. ನಾಲಿಗೆಯ ಸಿಹಿ ಗುರುತಿಸುವ ಶಕ್ತಿ ಕಾವಿನೊಂದಿಗೆ ಏರುತ್ತದೆ, ತಣ್ಣಗಿರುವುದು ಕಡಿಮೆ ಸಿಹಿ ಅನ್ನಿಸುತ್ತದೆ. ಕರಗಿದ ಐಸ್‌ಕ್ರೀಂ ಕುಡಿದು ನೋಡಿದವರಿಗೆ ಬೇರೆ ಸಾಕ್ಷಿ ಬೇಡ. ಲೋಟಗಳು ಫ್ರಿಜ್ಜಿನಿಂದ ನೇರ ಮೇಜಿಗೆ ಬಂದರೆ ಒಂದು ರುಚಿ, ಅರ್ಧ ಗಂಟೆ ಹೊರಗಿಟ್ಟರೆ ಇನ್ನೊಂದು. ಕೋಕೋದ ಕೊಬ್ಬು ಕರಗುವುದು 34 ಡಿಗ್ರಿ ಸುಮಾರಿಗೆ, ಅಂದರೆ ಬಾಯಿಯ ಬಿಸಿಗಿಂತ ಚೂರೇ ಕಡಿಮೆ. ಮರಗಟ್ಟಿದ ಗನಾಶ್ ನಾಲಿಗೆಯ ಮೇಲೆ ಕರಗುವಷ್ಟರಲ್ಲಿ ನುಂಗಿಯೇ ಬಿಟ್ಟಿರುತ್ತೇವೆ, ಪರಿಮಳ ಮೂಗಿಗೆ ಹತ್ತುವುದೇ ಇಲ್ಲ. ಬಡಿಸುವ ಅರ್ಧ ಗಂಟೆ ಮೊದಲು ಹೊರಗಿಡುವುದೆಂದು ತೀರ್ಮಾನಿಸಿ ಅದಕ್ಕೆ ತಕ್ಕ ಹಾಗೆ ಸಿಹಿ ಕಟ್ಟಿದೆ.

ಸಾಗಿಸುವ ಕಥೆ ದೊಡ್ಡದೇನಲ್ಲ. ಲೋಟಗಳ ನಡುವೆ ಬಟ್ಟೆ ತುರುಕಿ, ಐಸ್ ಇರುವ ಪೆಟ್ಟಿಗೆಯಲ್ಲಿಟ್ಟು, ಟಾರ್ಟನ್ನು ಮಡಿಲಲ್ಲಿಟ್ಟುಕೊಂಡು ಹೋದೆ. ಐಸ್ ಪೆಟ್ಟಿಗೆ ಶೋಕಿಗಲ್ಲ. ಹಾಲು, ಕೆನೆ, ಬೇಯಿಸಿದ ಪದಾರ್ಥಗಳು 5ರಿಂದ 60 ಡಿಗ್ರಿಯ ನಡುವೆ ಇದ್ದರೆ ರೋಗಾಣುಗಳಿಗೆ ಹಬ್ಬ. ಬೇಯಿಸಿದ್ದನ್ನು ಕೋಣೆಯ ಕಾವಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹತ್ತಾರು ಮನೆಯ ಅಡುಗೆ ಒಂದೇ ಮೇಜಿಗೆ ಬರುವ ಕಡೆ ಒಬ್ಬರ ಉದಾಸೀನ ಎಲ್ಲರ ಹೊಟ್ಟೆ ಕೆಡಿಸಬಲ್ಲದು. ಈ ವಿಷಯದಲ್ಲಿ ನಾನು ಕಟ್ಟುನಿಟ್ಟು, ಹಾಗಾಗಿ ಗುಂಪಿನಲ್ಲಿ ನನಗೊಂದು ಅಡ್ಡಹೆಸರೂ ಇದೆ, ಇಲ್ಲಿ ಹೇಳುವಂಥದ್ದಲ್ಲ.

ಮೇಜು ನೋಡಿದ ಕೂಡಲೇ ಎದೆ ಧಸಕ್ಕೆಂದಿತು. ಎಲ್ಲರೂ ಕೈ ಬಿಚ್ಚಿ ಮಾಡಿದ್ದರು. ಚೀಸು ತುಂಬಿದ ಆಲೂಗಡ್ಡೆ, ಕೆನೆಯಲ್ಲಿ ಬೆಂದ ಹೂಕೋಸು, ಬೆಣ್ಣೆಯ ಬನ್ನು, ಜೊತೆಗೆ ನನ್ನ ಟಾರ್ಟು. ಒಂದೊಂದೂ ಒಂಟಿಯಾಗಿ ತಿಂದರೆ ಸ್ವರ್ಗ. ಸಾಲಾಗಿ ತಿಂದರೆ ನಾಲ್ಕನೆಯದರ ಹೊತ್ತಿಗೆ ನಾಲಿಗೆ ಮರಗಟ್ಟುತ್ತದೆ. ಒಂದೇ ಬಗೆಯ ರುಚಿ ತಿನ್ನುತ್ತಾ ಹೋದರೆ ಆ ರುಚಿಯ ಮೇಲಿನ ಆಸೆ ಮಾತ್ರ ಕುಗ್ಗುತ್ತದೆ, ಬೇರೆ ರುಚಿಯ ಆಸೆ ಹಾಗೇ ಇರುತ್ತದೆ ಎಂದು ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. ಹೊಟ್ಟೆ ಬಿರಿದ ಮೇಲೂ ಸಿಹಿಗೆ ಜಾಗ ಇರುವುದರ ಗುಟ್ಟು ಇದೇ. ಆವತ್ತು ನಮ್ಮನ್ನು ಉಳಿಸಿದ್ದು ಯಾರೂ ಲೆಕ್ಕಕ್ಕಿಟ್ಟುಕೊಳ್ಳದಿದ್ದ ಒಂದು ಬಟ್ಟಲು: ಸೌತೆಕಾಯಿ, ಈರುಳ್ಳಿ, ನಿಂಬೆರಸ, ಉಪ್ಪು. ತಂದವರು "ಬಿಡುವಿರಲಿಲ್ಲ, ಇಷ್ಟೇ ಆಯಿತು" ಎಂದು ಸಂಕೋಚದಿಂದ ಮೂಲೆಯಲ್ಲಿಟ್ಟಿದ್ದರು. ಎಲ್ಲಕ್ಕಿಂತ ಮೊದಲು ಖಾಲಿಯಾದದ್ದು ಅದು. ಎರಡು ಜಿಡ್ಡಿನ ಪದಾರ್ಥದ ನಡುವೆ ಒಂದು ಹುಳಿ ಇರಲೇಬೇಕೆಂದು ಅಲ್ಲೇ ಕಾನೂನಾಯಿತು. ಯಾರು ಏನು ತರುತ್ತಾರೆಂದು ಈಗ ವಾರದ ಮೊದಲೇ ತಿಳಿಸಿಕೊಳ್ಳುತ್ತೇವೆ.

ಬ್ರೆಡ್ಡು ಮಾಡುವ ಅಕ್ಕ ಇಡೀ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಕತ್ತರಿಸಿ ತಂದಿದ್ದರೆ ಅನುಕೂಲವಾಗುತ್ತಿತ್ತಲ್ಲ ಎಂದು ಯಾರೋ ಅಂದರು. "ಕತ್ತರಿಸಿದ ಮೇಲೆ ಅದರ ಆಯುಸ್ಸು ಮುಗೀತು ಕಣಮ್ಮ. ಬಿಸಿ ಇರುವಾಗಂತೂ ಚಾಕು ಹಾಕಲೇಬಾರದು, ಒಳಗೆ ಇನ್ನೂ ಬೇಯ್ತಾ ಇರುತ್ತೆ" ಅಂದರು. ಅಕ್ಕನ ಮಾತು ಸರಿ. ಓವನ್ನಿನಿಂದ ಹೊರಬಂದ ಮೇಲೆ ತಣಿಯುತ್ತಾ ತಣಿಯುತ್ತಾ ಒಳಗಿನ ಪಿಷ್ಟ ಬಿಗಿದು ಬ್ರೆಡ್ಡಿಗೆ ಅದರ ಮೈಕಟ್ಟು ಬರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಆ ಬಿಗಿತ ಇನ್ನೂ ಜೋರಾಗಿ, ಹೊರಗಿಟ್ಟದ್ದಕ್ಕಿಂತ ಬೇಗ ಒರಟಾಗುತ್ತದೆ. ಅವರು ಮೇಜಿನ ಮೇಲೆ ಕತ್ತರಿಸುವಾಗ ಮೇಲಿನ ಪದರ ಕರ್ರೆಂದು ಒಡೆದ ಸದ್ದಿಗೆ ಮಾತುಗಳೆಲ್ಲ ನಿಂತವು. ಕಾಯುವ ಅಡುಗೆ ಎಂದು ನಾನು ಇಷ್ಟು ಹೊತ್ತು ಹೇಳುತ್ತಿರುವುದಕ್ಕೆ ಅಕ್ಕನ ಬ್ರೆಡ್ಡಿಗಿಂತ ಒಳ್ಳೆಯ ಉದಾಹರಣೆ ನನ್ನಲ್ಲಿಲ್ಲ.

ತಿನ್ನುವ ಮೊದಲು ಫೋಟೋ ತೆಗೆಯುವ ಸಂಭ್ರಮ ನಮ್ಮಲ್ಲೂ ಇದೆ. ನನ್ನ ತಕರಾರು ಏನೆಂದರೆ ಬಿಸಿ ಪದಾರ್ಥವನ್ನು ಕೊನೆಗೆ ತೆಗೆಯುತ್ತಾರೆ, ಮೊದಲು ತಣ್ಣನೆಯದನ್ನು. ಉಲ್ಟಾ ಆಗಬೇಕಲ್ಲವೇ? ಕಿಟಕಿಯ ಪಕ್ಕ, ಬೆಳಕು ಒಂದು ಬದಿಯಿಂದ ಬೀಳುವ ಹಾಗೆ ಇಟ್ಟು ತೆಗೆದರೆ ಒಂದೇ ಚಿತ್ರ ಸಾಕು.

ಆಮೇಲೆ ತೀರ್ಪಿನ ಹೊತ್ತು. ನಮ್ಮಲ್ಲಿ ಹಿರಿಯರೆಂದರೆ ನಿವೃತ್ತ ಮೇಷ್ಟ್ರು. ಅವರು ಟಾರ್ಟಿನ ತುಣುಕನ್ನು ತಿರುಗಿಸಿ ತಳ ನೋಡಿದರು, ಬೆರಳಿಂದ ತಟ್ಟಿದರು, ಆಮೇಲೆ ತಿಂದರು. "ತಳ ಗಟ್ಟಿಯಾಗಿದೆ, ಸಂತೋಷ. ಆದರೆ ಈರುಳ್ಳಿ ತುಂಬ ಸಿಹಿ ಕಣಮ್ಮ. ಮೂರನೇ ತುತ್ತಿಗೆ ಇದು ಊಟವೋ ಸಿಹಿತಿಂಡಿಯೋ ಗೊತ್ತಾಗಲಿಲ್ಲ."

"ಅದಕ್ಕೇ ಚೀಸು ಹಾಕಿದ್ದೀನಿ ಸಾರ್" ಅಂದೆ.

"ಚೀಸು ಉಪ್ಪು ಕೊಟ್ಟಿತು, ಹುಳಿ ಎಲ್ಲಿದೆ?"

ಪಕ್ಕದಲ್ಲಿದ್ದ ಕರಿಯುವ ಹುಡುಗ ತಕ್ಷಣ ಆ ಬಟ್ಟಲಿನಿಂದ ನಿಂಬೆ ಹತ್ತಿದ ಈರುಳ್ಳಿ ಎರಡು ಚೂರು ತೆಗೆದು ತನ್ನ ಟಾರ್ಟಿನ ಮೇಲಿಟ್ಟು ತಿಂದು, ಏನೂ ಹೇಳದೆ ನನ್ನ ತಟ್ಟೆಗೂ ಹಾಕಿದ. ಮೇಷ್ಟ್ರು ಹೇಳಿದ್ದೇ ಸರಿ ಇತ್ತು. ನಾನು ವಾದ ಮಾಡಿದ್ದು ಮಾಡಿದ್ದೇ, ಆದರೆ ಈಗ ಈರುಳ್ಳಿ ಇಳಿಸುವ ಮೊದಲು ಒಂದು ಚಮಚ ವಿನಿಗರ್ ಬೀಳುತ್ತದೆ. ಗನಾಶ್ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಲೋಟ ಚಿಕ್ಕದಾಯಿತು ಅನ್ನುವುದೊಂದೇ ದೂರು. ಅದು ಬೇಕೆಂದೇ ಚಿಕ್ಕದು. ಅಂಥ ಜಿಡ್ಡಿನ ಸಿಹಿ ನಾಲ್ಕು ಚಮಚ ದಾಟಿದರೆ ರುಚಿ ಹೋಗಿ ಶಿಕ್ಷೆಯಾಗುತ್ತದೆ. ಇನ್ನೊಂದು ಚಮಚ ಇದ್ದಿದ್ದರೆ ಅನ್ನಿಸುವಾಗಲೇ ಮುಗಿಯಬೇಕು.

ಊಟ ಮುಗಿದ ಮೇಲಿನ ಕೆಲಸ ಅಳತೆ ಕೊಡುವುದು. ಇಲ್ಲಿ ನಮ್ಮ ಗುಂಪು ಎರಡು ಪಕ್ಷ. ಅಕ್ಕನಂಥವರು ಎಲ್ಲವನ್ನೂ ಗ್ರಾಮಿನಲ್ಲಿ ಬರೆದುಕೊಡುತ್ತಾರೆ, ಉಳಿದವರು ಕಪ್ಪು, ಹಿಡಿ, ಕಣ್ಣಳತೆ. ಕಪ್ಪಿನ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಒಂದೇ ಕಪ್ಪಿಗೆ ಮೈದಾವನ್ನು ಚಮಚದಿಂದ ಸಡಿಲವಾಗಿ ತುಂಬಿದರೆ ಸುಮಾರು 120 ಗ್ರಾಂ, ಡಬ್ಬಿಯೊಳಗೆ ಕಪ್ಪು ತೂರಿಸಿ ಒತ್ತಿ ತೆಗೆದರೆ 150 ಗ್ರಾಂ. ಟಾರ್ಟಿನ ಹಿಟ್ಟಿಗೆ ಆ 30 ಗ್ರಾಂ ಅಂದರೆ ಗರಿಗರಿ ತಳ ಮತ್ತು ಒಣ ರೊಟ್ಟಿಯ ನಡುವಿನ ವ್ಯತ್ಯಾಸ. ಓವನ್ನುಗಳ ಕಥೆ ಬೇರೆ. ಗುಂಡಿಯ ಮೇಲೆ 180 ಎಂದಿದ್ದರೂ ಒಳಗೆ 160 ಇರಬಹುದು, 200 ಇರಬಹುದು. ಓವನ್ನಿನೊಳಗೆ ತೂಗುಹಾಕುವ ಸಣ್ಣ ಉಷ್ಣಮಾಪಕ ಕೊಂಡ ಮೇಲೆ ನನ್ನ ಎಷ್ಟೋ ಅನುಮಾನಗಳು ಪರಿಹಾರವಾದವು. ಆದರೆ ಈರುಳ್ಳಿಗೆ, ಕ್ಯಾರಮೆಲ್ಲಿಗೆ ಗ್ರಾಮೂ ನಿಮಿಷವೂ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಬರೆಯಬೇಕಾದದ್ದು ಸದ್ದು, ಬಣ್ಣ, ವಾಸನೆ. ಹಾಗಾಗಿ ನಾನು ಕೊಡುವ ಚೀಟಿಯಲ್ಲಿ ಅರ್ಧ ತೂಕ, ಅರ್ಧ ವರ್ಣನೆ. ಕೊನೆಯಲ್ಲಿ ಒಂದು ಸಾಲು ಕಡ್ಡಾಯ: ಇದು ಎಷ್ಟು ಹೊತ್ತು ಕೆಡದೆ ಕಾಯುತ್ತದೆ, ಮತ್ತೆ ಬಿಸಿ ಮಾಡುವುದು ಹೇಗೆ. ಟಾರ್ಟಿನ ಚೀಟಿಯಲ್ಲಿ 'ಮೈಕ್ರೋವೇವ್ ಬೇಡ, ಮುಚ್ಚಳ ಹಾಕದ ಬಾಣಲೆ, ಸಣ್ಣ ಉರಿ, ತಳ ಕೆಳಗೆ' ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಆದರೂ ಒಬ್ಬರು ಮೈಕ್ರೋವೇವಿನಲ್ಲಿಟ್ಟು, ಮೆತ್ತಗಾಯಿತೆಂದು ಫೋನ್ ಮಾಡಿದರು.

ಮುಂದಿನ ಬಾರಿಗೆ ಮೇಷ್ಟ್ರು ವಿಷಯ ಕೊಟ್ಟಾಗಿದೆ: ಕಹಿ. ಬೆಣ್ಣೆ, ಕೆನೆ ಎಷ್ಟಾದರೂ ಹಾಕಿ, ಆದರೆ ಕಹಿ ಮುಚ್ಚಿಹೋಗಬಾರದು. ಹುಡುಗ ಹಾಗಲಕಾಯಿ ಹಿಡಿದುಕೊಂಡಾಯಿತು, ಅದನ್ನೂ ಕರಿಯುತ್ತಾನಂತೆ. ನಾನು ಕಿತ್ತಳೆ ಸಿಪ್ಪೆ ಹಿಡಿದು ಕೂತಿದ್ದೇನೆ. ಸಕ್ಕರೆ ಪಾಕಕ್ಕೆ ಹಾಕುವ ಮೊದಲು ಸಿಪ್ಪೆಯನ್ನು ನೀರು ಬದಲಿಸಿ ಬದಲಿಸಿ ಕುದಿಸುತ್ತಾರೆ, ಒಂದೊಂದು ನೀರಿಗೂ ಕಹಿ ಒಂದಿಷ್ಟು ಇಳಿಯುತ್ತದೆ. ಎಷ್ಟನೇ ನೀರಿಗೆ ನಿಲ್ಲಿಸಿದರೆ ಮೇಷ್ಟ್ರಿಗೆ ಕಹಿ ಸಿಕ್ಕೀತು, ಉಳಿದವರಿಗೆ ತಿನ್ನಲೂ ಆದೀತು ಎಂದು ನೋಡುತ್ತಿದ್ದೇನೆ. ಸಿಪ್ಪೆಯ ಗುಣ ಏನೆಂದರೆ ಪಾಕದಲ್ಲಿ ವಾರಗಟ್ಟಲೆ ಕಾಯುತ್ತದೆ, ಆದ್ದರಿಂದ ಅವಸರವೇನೂ ಇಲ್ಲ. ಅತ್ತಿಗೆ ಮಾತ್ರ ಪ್ರತಿ ಸಲ ಪಾತ್ರೆಯ ಮುಚ್ಚಳ ತೆಗೆದು ಒಂದು ಚೂರು ತೆಗೆದುಕೊಳ್ಳುತ್ತಿದ್ದಾರೆ, ಹೀಗೇ ಆದರೆ ಇನ್ನಷ್ಟು ಕಿತ್ತಳೆ ತರಬೇಕಾಗುತ್ತದೆ.